ಬಾಲ್ಯವಿವಾಹದ ಸುದ್ದಿ ಹಂಚುವ ಮುನ್ನ

ಬಾಲ್ಯವಿವಾಹ ತಡೆದ ಸುದ್ದಿಯ ತುಣುಕನ್ನು ಯಾದಗಿರಿಯ ಸಮಾಜ ಕಾರ್ಯಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಗೆಯೇ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಪ್ರಕರಣದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಬಹಿರಂಗಪಡಿಸುವಂತಿಲ್ಲ. ಹೆಸರು ಅಳಿಸಿದರೆ ಸಾಲದು. ‘ಸುರಪುರ ತಾಲ್ಲೂಕಿನ ಇಂಥ ತಾಂಡಾ, ಒಂಬತ್ತನೇ ತರಗತಿ, ತಂದೆ ಗುಳೆ ಹೋಗಿದ್ದಾರೆ’ ಎಂದರೆ ಸಾಕು, ಊರಿಗೆಲ್ಲ ಹುಡುಗಿ ಯಾರೆಂದು ಗೊತ್ತಾಗುತ್ತದೆ. ಮರುದಿನ ಅದೇ ಶಾಲೆಗೆ ಹೋಗಬೇಕಾದವಳು ಅವಳು!

ಬಾಲ್ಯವಿವಾಹದ ಕುರಿತ ಸಂಶೋಧನೆಯನ್ನಾದರೆ ಧಾರಾಳವಾಗಿ ಹಂಚಿ. ಆದರೆ ಕೇವಲ ಲಿಂಕ್ ಬೇಡ; ಯಾವ ವರ್ಷ, ಯಾವ ಊರು, ಎಷ್ಟು ಜನರನ್ನು ಕೇಳಿದ್ದಾರೆ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಯಾದಗಿರಿ ಜಿಲ್ಲಾ ಮಾಹಿತಿಪತ್ರದಿಂದಲೇ ಆರಂಭಿಸಬಹುದು.