ಸವರಲು ಹೋದರೆ ಕಚ್ಚುವ ಹೊಸ ಬೆಕ್ಕು

ಶೆಲ್ಟರ್‌ನಿಂದ ತಂದ ಬೆಕ್ಕು ಒಂದು ವಾರವಾದರೂ ಬುಸುಗುಡುತ್ತದೆ, ಸವರಿದರೆ ಮೊದಲು ಸುಮ್ಮನಿದ್ದು ಆಮೇಲೆ ಕಚ್ಚುತ್ತದೆ, ವಾಪಸ್ ಕೊಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಡಬೇಡಿ. ಇದು ಸಿಟ್ಟಿಗಿಂತ ಜಾಸ್ತಿ ಹೆದರಿಕೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಕೆಲವು ಬೆಕ್ಕುಗಳಿಗೆ ತಿಂಗಳುಗಳೇ ಬೇಕು.

ಸದ್ಯಕ್ಕೆ ಒಂದೇ ರೂಮು ಕೊಡಿ. ಊಟ, ನೀರು, ಲಿಟರ್ ಟ್ರೇ (ಮಲಮೂತ್ರ ಮಾಡಲು ಮರಳಿನಂಥದ್ದು ತುಂಬಿದ ತಟ್ಟೆ), ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ ಇರಲಿ. ಡಬ್ಬದಿಂದ ಎಳೆದು ಹೊರಗೆ ತರಬೇಡಿ. ನೀವು ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಏನಾದರೂ ಓದಿ. ದಿಟ್ಟಿಸಿ ನೋಡಬೇಡಿ.

ಅದಾಗಿಯೇ ಹತ್ತಿರ ಬಂದರೆ ಬೆರಳು ಮೂಸಲು ಬಿಡಿ. ಕೆನ್ನೆ ಉಜ್ಜಿದರೆ ಕೆನ್ನೆ, ಗದ್ದ ಮಾತ್ರ ಸವರಿ, ಎರಡು ಮೂರು ಸಲ ಅಷ್ಟೇ. ಹೊಟ್ಟೆ ಮುಟ್ಟಲೇಬೇಡಿ. ಕಚ್ಚುವ ಮೊದಲು ಅದು ಹೇಳಿಯೇ ಹೇಳುತ್ತದೆ: ಬಾಲದ ತುದಿ ಪಟಪಟ ಹೊಡೆಯುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಆಗಲೇ ಕೈ ತೆಗೆಯಿರಿ.

ಬೈಯುವುದು, ನೀರು ಎರಚುವುದು ಖಂಡಿತ ಬೇಡ, ಭಯ ಇನ್ನೂ ಹೆಚ್ಚುತ್ತದೆ. ಕೈಯಿಂದ ಆಟ ಆಡಿಸಬೇಡಿ, ಉದ್ದ ಕೋಲಿಗೆ ಕಟ್ಟಿದ ಆಟಿಕೆ ಬಳಸಿ. ಹಲ್ಲುನೋವು, ಕೀಲುನೋವು ಇದ್ದರೂ ಹೀಗಾಡುತ್ತವೆ, ಒಮ್ಮೆ ಪಶುವೈದ್ಯರಿಗೆ ತೋರಿಸಿ.

ಕಚ್ಚಿದ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಚಿಕ್ಕದಾಗಿ ಕಂಡರೂ ಬೆಕ್ಕಿನ ಹಲ್ಲು ಆಳಕ್ಕೆ ಇಳಿದಿರುತ್ತದೆ.