ಹರಕೆ, ನೇಮ, ಮುನಿಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಲಿಕಲ್ಲು ಮಳಿಗೆ ಕೊಯ್ಲಿಗೆ ಬಂದಿದ್ದ ನೆಲ್ಲೆಲ್ಲ ಉದುರಿ ಹೋಯ್ತು. ಅವತ್ತಿನಿಂದ ನಮ್ಮ ಮನಿಯವರು ದೇವರ ಕೋಣಿಗೆ ಕಾಲಿಟ್ಟಿಲ್ಲ. 'ಯಾವುದಕ್ಕಂತ ಕೈ ಮುಗೀಲಿ?' ಅಂತಾರ. ನಾನು ದೀಪ ಹಚ್ಚಿದರೂ ಸಿಟ್ಟು. ಏನು ಮಾಡಲಿ?
*ಗೃಹಿಣಿ, ಕಾರಟಗಿ*

ತಾಯಿ, ಅವರನ್ನು ಕೋಣೆಯೊಳಗೆ ಎಳೆಯಬೇಡಿ. ದೇವರಿಲ್ಲ ಎಂದುಕೊಂಡವರು ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ. ನಿಮ್ಮವರು ಇನ್ನೂ ಜಗಳದಲ್ಲಿದ್ದಾರೆ, ಅಂದರೆ ಸಂಬಂಧ ಕಡಿದಿಲ್ಲ. ನೀವು ದೀಪ ಹಚ್ಚಿ, ಆದರೆ ಅವರಿಗೆ ಕೇಳಲೆಂದು ಗಂಟೆ ಜೋರಾಗಿ ಬಾರಿಸಬೇಡಿ. ಒಂದು ಬತ್ತಿ, ಒಂದು ಚಮಚ ಎಣ್ಣೆ ಸಾಕು. ಊಟಕ್ಕೆ ಬಡಿಸುವಾಗ ಪೂಜೆಯ ಮಾತು ತೆಗೆಯಬೇಡಿ.

ಬೆಳೆ ಹೋದಾಗ ಮೊದಲ ಕೆಲಸ ದೇವರ ಕೋಣೆಯದ್ದಲ್ಲ, ಅದನ್ನೂ ಹೇಳಿಬಿಡುತ್ತೇವೆ. ಫಸಲ್ ಬಿಮಾ ಕಂತು ಕಟ್ಟಿದ್ದರೆ, ಆಲಿಕಲ್ಲು ಬಿದ್ದ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಸರ್ವೆ ನಂಬರು, ಬೆಳೆ, ಹಾನಿಯಾದ ದಿನ ಹೇಳಬೇಕು, ಫೋಟೋ ಇಟ್ಟುಕೊಳ್ಳಬೇಕು. ಕೊಯ್ದು ಗದ್ದೆಯಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಕೆಟ್ಟರೆ 14 ದಿನದವರೆಗೆ ರಕ್ಷಣೆ ಇದೆ, ಆದರೆ ತಿಳಿಸುವ ಗಡುವು ಅಲ್ಲಿಯೂ 72 ಗಂಟೆಯೇ. ಹಣೆಬರಹ ಎಂದು ಕೂತು ಮೂರು ದಿನ ಕಳೆದವರು ಆಮೇಲೆ ದೇವರನ್ನೂ ಸರ್ಕಾರವನ್ನೂ ಒಟ್ಟಿಗೆ ಬೈಯುತ್ತಾರೆ.

ಕೃತಜ್ಞತೆಯ ಮಾತಿಗೆ ಬರೋಣ. ನಮ್ಮ ಸೀಮೆಯ ಎಳ್ಳಮಾಸಿಯನ್ನೇ (ಎಳ್ಳು ಅಮಾವಾಸ್ಯೆ) ನೋಡಿ. ಚರಗ ಚೆಲ್ಲುವುದು, ಅಂದರೆ ಎಡೆಯ ಅಡುಗೆಯನ್ನು ಹೊಲದಲ್ಲಿ ಚೆಲ್ಲುವುದು, ರಾಶಿ ಮನೆಗೆ ಬಂದ ಮೇಲಲ್ಲ, ಬಿಳಿಜೋಳ ಹೊಲದಲ್ಲಿ ಇನ್ನೂ ನಿಂತಿರುವಾಗ. ಹಕ್ಕಿ, ಇಲಿ, ಮಂಜು ಎಲ್ಲವೂ ಬಾಕಿ ಇರುತ್ತವೆ, ಎಷ್ಟು ಚೀಲ ಆದೀತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಐದು ಕಲ್ಲಿಟ್ಟು ಪೂಜಿಸಿ, ಎಡೆ ತೋರಿಸಿ, ಭೂಮಿತಾಯಿಗೆ ಉಣಿಸಿ ಬರುತ್ತೇವೆ. ಇಳುವರಿಗೂ ಆ ನಮಸ್ಕಾರಕ್ಕೂ ಲೆಕ್ಕದ ಸಂಬಂಧವೇ ಇಲ್ಲ. ಈ ವರ್ಷ ನೀವು ಅದನ್ನು ಬಿಡಬೇಡಿ. ಎರಡು ಸಜ್ಜೆ ರೊಟ್ಟಿ, ಹಿಡಿ ಅನ್ನ, ಒಂದಿಷ್ಟು ಪುಂಡಿಪಲ್ಯ ಕಟ್ಟಿಕೊಂಡು ಹೋಗಿ. ಹೋಳಿಗೆಗೆಂದು ಅಂಗಡಿಯಲ್ಲಿ ಉದ್ದರಿ ಬರೆಸಬೇಡಿ. ಮನೆಯವರನ್ನು 'ಪೂಜೆಗೆ ಬರ್ರಿ' ಎಂದು ಕರೆಯದೆ 'ಹೊಲಕ್ಕೆ ಹೋಗಿ ಬರೋಣು' ಎನ್ನಿ. ಚರಗ ಚೆಲ್ಲುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಮಗನಿಗೆ ಡೆಂಗಿ ಆಗಿ ಆಸ್ಪತ್ರೆಯಲ್ಲಿದ್ದಾಗ ಹುಲಿಗಿಯ ಹುಲಿಗೆಮ್ಮನಿಗೆ ಬೆಳ್ಳಿ ತೊಟ್ಟಿಲು ಕೊಡುತ್ತೇನೆ, ಕುರಿ ಬಲಿ ಕೊಡಿಸುತ್ತೇನೆ ಎಂದು ಹರಕೆ ಹೊತ್ತೆ. ಮಗ ಹುಷಾರಾದ. ಈಗ ಕೈಯಲ್ಲಿ ದುಡ್ಡಿಲ್ಲ. ಹರಕೆ ತಪ್ಪಿದರೆ ತಾಯಿ ಕಾಡುತ್ತಾಳೆ ಎಂದು ಅತ್ತೆ ಹೆದರಿಸುತ್ತಾರೆ. ನೂರಕ್ಕೆ ಮೂರರಂತೆ 40,000 ಕೊಡುವವರಿದ್ದಾರೆ. ತೆಗೆದುಕೊಳ್ಳಲೇ?
*ಓದುಗರು, ಕೊಪ್ಪಳ ತಾಲ್ಲೂಕು*

ಬೇಡ. ನೂರಕ್ಕೆ ಮೂರು ಎಂದರೆ 40,000ಕ್ಕೆ ತಿಂಗಳಿಗೆ 1,200, ವರ್ಷಕ್ಕೆ 14,400 ಬರೀ ಬಡ್ಡಿ. ಅಸಲು ಹಾಗೇ ಇರುತ್ತದೆ. ಮಗನನ್ನು ಉಳಿಸಿಕೊಂಡ ಮನೆ, ಅವನ ಶಾಲೆಯ ಫೀಸಿನ ಹೊತ್ತಿಗೆ ಸಾಲ ಕೊಟ್ಟವನ ಮುಂದೆ ನಿಲ್ಲಬೇಕಾಗುತ್ತದೆ. ಹಿರಿಯರು 'ತಡಮಾಡಿದರೂ ತಪ್ಪಿಸಬೇಡ' ಎನ್ನುತ್ತಿದ್ದರೇ ಹೊರತು ಸಾಲ ಮಾಡಿ ತೀರಿಸು ಎಂದಿಲ್ಲ. ತಡಮಾಡಲು ನಮ್ಮಲ್ಲಿ ಒಂದು ಪದ್ಧತಿಯೇ ಇದೆ: ಮುಡಿಪು.

ಅಂಗೈ ಅಗಲದ ಹೊಸ ಬಿಳಿ ಬಟ್ಟೆಯನ್ನು ಅರಿಶಿನ ನೀರಿನಲ್ಲಿ ಅದ್ದಿ ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿ ಇದ್ದಾಗಲೇ ಕಟ್ಟಿದರೆ ನೋಟು ಬೂಸರು ಹಿಡಿಯುತ್ತದೆ. ಅದರಲ್ಲಿ 11 ರೂಪಾಯಿ, ನಾಲ್ಕು ಅಕ್ಷತೆ ಕಾಳು ಇಟ್ಟು, ಏನು ಬೇಡಿಕೊಂಡಿದ್ದಿರಿ, ಏನು ಕೊಡುವುದು ಬಾಕಿ ಇದೆ ಎಂದು ಮನೆಮಂದಿಗೆ ಕೇಳುವಂತೆ ಬಾಯಿಬಿಟ್ಟು ಹೇಳಿ ಗಂಟು ಹಾಕಿ. ಬಾಯಿಬಿಟ್ಟು ಹೇಳಿದರೆ ಅತ್ತೆಯವರ ಭಯ ಅರ್ಧ ಇಳಿಯುತ್ತದೆ. ದೇವರ ಜಗುಲಿಯ ಮೇಲಿಡಿ. ಪ್ರತಿ ಹುಣ್ಣಿಮೆಗೆ 50ಓ 100ಓ ಸೇರಿಸುತ್ತ ಹೋಗಿ. ಮುಡಿಪು ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ: ಸಂತೆಯ ದಿನ 'ನಾಳೆ ಇಟ್ಟರಾಯಿತು' ಎಂದು ಬಿಚ್ಚುತ್ತಾರೆ, ಆ ನಾಳೆ ಬರುವುದಿಲ್ಲ. ಆಸ್ಪತ್ರೆಯಂಥ ತುರ್ತಿಗೆ ತೆಗೆಯಲೇಬೇಕಾದರೆ ಎಷ್ಟು ತೆಗೆದಿರಿ ಎಂದು ಚೀಟಿ ಬರೆದು ಗಂಟಿನೊಳಗೇ ಇಡಿ.

ಇನ್ನು ತೊಟ್ಟಿಲು. ದೊಡ್ಡದೇ ಆಗಬೇಕೆಂದೇನಿಲ್ಲ, ಹರಕೆಗೆಂದೇ ಮಾಡುವ ಬೆರಳುದ್ದದ ತೊಟ್ಟಿಲುಗಳು ಅಕ್ಕಸಾಲಿಗರ ಹತ್ತಿರ ಸಿಗುತ್ತವೆ. ತೂಕ ಹೇಳಿ ಹರಕೆ ಹೊತ್ತಿರಲಿಕ್ಕಿಲ್ಲ ನೀವು. ದೇವಸ್ಥಾನದ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯಿರಿ, ದಾರಿಯಲ್ಲಿ 'ನಾನು ಒಪ್ಪಿಸುತ್ತೇನೆ' ಎನ್ನುವವರ ಕೈಗೆ ಕೊಡಬೇಡಿ. ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ನೂಕುನುಗ್ಗಲು. ಕೂಸು ಕರೆದುಕೊಂಡು ಹೋಗುವವರಿಗೆ ಬುಧವಾರವೋ ಗುರುವಾರವೋ ಒಳ್ಳೆಯದು.

ಕುರಿಯ ವಿಚಾರ: ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು 1959ರ ಕಾಯ್ದೆ ನಿಷೇಧಿಸಿದೆ. ಅದರ ಬದಲು ಅನ್ನದಾನ ಮಾಡಿ. ಕೊಪ್ಪಳದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗುವುದನ್ನು ನೋಡಿದವರೇ ನೀವು. ಕೆಜಿ ಜೋಳದ ಹಿಟ್ಟಿಗೆ 14–15 ರೊಟ್ಟಿ ಲೆಕ್ಕ ಹಿಡಿದರೆ 51 ರೊಟ್ಟಿಗೆ ಮೂರೂವರೆ ಕೆಜಿ ಸಾಕು. ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಆಗುವವರೆಗೆ ಒಣಗಿಸಿ, ಆರಿದ ಮೇಲೆಯೇ ಒಂದರ ಮೇಲೊಂದು ಇಟ್ಟು ಬಟ್ಟೆಯಲ್ಲಿ ಕಟ್ಟಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವೆತು ಮೂರನೇ ದಿನಕ್ಕೆ ಬೂಸರು ಬರುತ್ತದೆ. ದಾಸೋಹದ ಮನೆಯವರು ಅದನ್ನು ಪಕ್ಕಕ್ಕಿಡಬೇಕಾಗುತ್ತದೆ.

ಈ ಪತ್ರಕ್ಕೆ ಸಂಬಂಧವಿಲ್ಲದಿದ್ದರೂ ಒಂದು ಮಾತು ಬರೆಯಲೇಬೇಕು. ಹೆಣ್ಣುಮಗುವನ್ನು ದೇವದಾಸಿಯಾಗಿ ದೇವರಿಗೆ ಬಿಡುವ, ಮುತ್ತು ಕಟ್ಟಿಸುವ ಹರಕೆ ಯಾರಾದರೂ ಹೊತ್ತಿದ್ದರೆ ಅದಕ್ಕೆ ಮುಡಿಪೂ ಇಲ್ಲ, ಬದಲಿಯೂ ಇಲ್ಲ. 1982ರಲ್ಲೇ ಕಾಯ್ದೆಯಾಗಿ ಅದು ಅಪರಾಧ. ಮಗುವಿನ ಬಾಳು ಹರಕೆ ಹೊತ್ತವರ ಸ್ವತ್ತಲ್ಲ, ಅದನ್ನು ಕೊಡುತ್ತೇನೆ ಎನ್ನಲು ಅವರಿಗೆ ಹಕ್ಕೇ ಇರಲಿಲ್ಲ. ಅಂಥ ಹರಕೆಯನ್ನು ಮುರಿಯಬೇಕು.

ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದು ವಾರ ಬೆಳಿಗ್ಗೆ, ಒಂದು ವಾರ ರಾತ್ರಿ, ನಡುವೆ ಓಟಿ (ಹೆಚ್ಚುವರಿ ಅವಧಿಯ ದುಡಿಮೆ) ಬೇರೆ. ಇಷ್ಟಲಿಂಗ ಪೂಜೆ ವಾರಗಟ್ಟಲೆ ತಪ್ಪುತ್ತಿದೆ. ಲಿಂಗ ಕಟ್ಟಿಕೊಂಡು ಹೀಗಿರುವುದು ಸರಿಯೇ?
*ಓದುಗರು, ಸಂಡೂರು ತಾಲ್ಲೂಕು*

ತಮ್ಮಾ, ಪೂಜೆ ತಪ್ಪುತ್ತಿರುವುದು ನೀವದನ್ನು ಗಡಿಯಾರಕ್ಕೆ ಕಟ್ಟಿದ್ದರಿಂದ. ಬೆಳಿಗ್ಗೆ ಆರಕ್ಕೆ ಎಂದು ನೇಮ ಮಾಡಿಕೊಂಡವರಿಗೆ ರಾತ್ರಿ ಪಾಳಿಯ ವಾರ ಬಂದರೆ ನೇಮ ಮುರಿಯಲೇಬೇಕು. ಸಮಯ ಬಿಡಿ, ಊಟಕ್ಕೆ ಕಟ್ಟಿ: ಮಲಗಿ ಎದ್ದ ಮೇಲೆ ಮೊದಲ ತುತ್ತಿಗೆ ಮುಂಚೆ, ಅದು ಮಧ್ಯಾಹ್ನ ಎರಡಾದರೂ ಸರಿ.

ಹನ್ನೆರಡು ನಿಮಿಷದಲ್ಲಿ ಆಗುವಷ್ಟು ಇಟ್ಟುಕೊಳ್ಳಿ. ಸ್ನಾನ ಮಾಡಿ ಮಡಿಬಟ್ಟೆ ಉಟ್ಟು ಕೂತು, ಮೂರು ಬೆರಳಿನಿಂದ ಹಣೆಗೆ ವಿಭೂತಿ ಧರಿಸಿ. ಕರಡಿಗೆಯಿಂದ (ಲಿಂಗವಿಡುವ ಪುಟ್ಟ ಭರಣಿ) ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಕೆಳಗೊಂದು ಬಟ್ಟಲಿಟ್ಟುಕೊಂಡು ತಣ್ಣೀರಿನ ಅಭಿಷೇಕ ಮಾಡಿ. ಅರ್ಧ ಲೋಟ ನೀರು ಹೆಚ್ಚೇ ಆಯಿತು. ಮೆತ್ತನೆ ಬಟ್ಟೆಯಿಂದ ಒರೆಸಿ ವಿಭೂತಿ, ಒಂದು ಪತ್ರಿ ಏರಿಸಿ. ಪತ್ರಿ ಸಿಗದ ದಿನ ವಿಭೂತಿಯೊಂದೇ ಸಾಕು. ಆಮೇಲಿನ ಐದು ನಿಮಿಷವೇ ಮುಖ್ಯ. ಅಂಗೈಯನ್ನು ಎದೆಯ ಎತ್ತರಕ್ಕೆ ಹಿಡಿದು, ದೃಷ್ಟಿ ಲಿಂಗದ ಮೇಲಿಟ್ಟು, ಪಂಚಾಕ್ಷರಿ ಜಪಿಸುತ್ತ ಕೂರಿ. ಸಮಯ ಕಡಿಮೆಯಿದ್ದಾಗ ಜನ ಇದನ್ನೇ ಬಿಟ್ಟು ನೀರು, ಹೂವು, ಊದುಬತ್ತಿ ಮಾತ್ರ ಮುಗಿಸುತ್ತಾರೆ. ಬಿಡಬೇಕಾದ್ದು ಊದುಬತ್ತಿಯನ್ನು. ಕರಡಿಗೆಗೆ ಹಾಕುವ ಮುಂಚೆ ಲಿಂಗ ಪೂರ್ತಿ ಒಣಗಿರಲಿ, ತೇವ ಉಳಿದರೆ ಒಳಗಿನ ಬಟ್ಟೆ ವಾಸನೆ ಹಿಡಿದು ಕೊಳೆಯುತ್ತದೆ. ಕರಿ ಲೇಪ ಬಿರುಕು ಬಿಟ್ಟರೆ ಮನೆಯಲ್ಲೇ ಏನೂ ಮೆತ್ತದೆ ಗುರುಗಳ ಹತ್ತಿರ ಒಯ್ಯಿರಿ.

ಕೆಲಸದ ಜಾಗದಲ್ಲಿ ಕರಡಿಗೆ ಕಟ್ಟಿದ ಶಿವದಾರ ಅಂಗಿಯ ಹೊರಗೆ ಜೋತಾಡಬಾರದು, ತಿರುಗುವ ಯಂತ್ರ ಎಳೆದುಕೊಳ್ಳುತ್ತದೆ. ದಾರವನ್ನು ಗಿಡ್ಡ ಮಾಡಿ ಒಳಗೆ ಸೇರಿಸಿ. ಕುಲುಮೆಯ ಹತ್ತಿರ ಬೆಳ್ಳಿ ಕರಡಿಗೆ ಕಾದು ಎದೆ ಸುಡಬಹುದು, ಅಲ್ಲಿಗೆ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುವುದೇ ವಾಸಿ.

ಓಟಿಯ ಬಗ್ಗೆ: ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ, ಚೆಲ್ಲಿದ ಅಕ್ಕಿ ಆಯುವುದೇ ಕಾಯಕವಾಗಿದ್ದ ಶರಣ ದಂಪತಿಯ ಸಂಗತಿ ನಿಮಗೆ ಗೊತ್ತೇ ಇದೆ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಸಾಲದ ಕಂತಿಗೆ, ಮಕ್ಕಳ ಓದಿಗೆ ಓಟಿ ಮಾಡುತ್ತಿದ್ದರೆ ಅದು ಕಾಯಕ, ಸಂಕೋಚ ಬೇಡ. ಎರಡನೇ ಬೈಕಿಗೆ ಮಾಡುತ್ತಿದ್ದರೆ ಮನೆಯ ಲಕ್ಕಮ್ಮನನ್ನು ಕೇಳಿ.

ಅವ್ವ ಕ್ಯಾನ್ಸರಿನಿಂದ ತೀರಿಕೊಂಡರು. ಚರ್ಚಿನ ಸಭೆಯಲ್ಲಿ 'ಕರ್ತನಿಗೆ ಸ್ತೋತ್ರ' ಎನ್ನುವಾಗ ಬಾಯಿ ಬರುವುದಿಲ್ಲ, ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ. ನನ್ನ ವಿಶ್ವಾಸ ಹೋಯಿತೇ?
*ಸಹೋದರಿ, ರಾಯಚೂರು*

ಇಲ್ಲ. ಬೈಬಲಿನ ಕೀರ್ತನೆಗಳಲ್ಲಿ ಸ್ತೋತ್ರ ಎಷ್ಟಿದೆಯೋ ದೂರೂ ಅಷ್ಟೇ ಧಾರಾಳವಾಗಿದೆ. 13ನೆಯ ಕೀರ್ತನೆ ತೆಗೆಯಿರಿ, ಬರೀ ಆರು ವಚನ. ಮೊದಲೆರಡರಲ್ಲಿ ಕೀರ್ತನೆಗಾರ 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತಾನೆ, ಮೂರು–ನಾಲ್ಕರಲ್ಲಿ ಬೇಡುತ್ತಾನೆ, ಐದು–ಆರರಲ್ಲಿ ಮಾತ್ರ ಭರವಸೆಯ ಮಾತು. ಅದೇ ಅಚ್ಚಿನಲ್ಲಿ ನಿಮ್ಮ ಪ್ರಾರ್ಥನೆ ಬರೆಯಿರಿ: ನಾಲ್ಕು ಸಾಲು ದೂರು, ಎರಡು ಸಾಲು ಬೇಡಿಕೆ. ಕೊನೆಯ ಎರಡು ಸಾಲಿನ ಜಾಗ ಖಾಲಿ ಬಿಡಿ, ಬಲವಂತವಾಗಿ ತುಂಬಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರನ್ನು ಕರೆದು ಹೇಳಿದ ಮಾತೇ.

ಭಾನುವಾರದ ಆರಾಧನೆ ಮಾತ್ರ ಬಿಡಬೇಡಿ. ಹಾಡಲಾಗದಿದ್ದರೆ ಸುಮ್ಮನೆ ನಿಲ್ಲಿ, ಹಾಡುವ ಕೆಲಸ ಉಳಿದವರು ಮಾಡುತ್ತಾರೆ. ಸಭೆಯಲ್ಲಿ ನಂಬಿಕೆಯ ಇಬ್ಬರಿಗೆ ಹೇಳಿ, ಸದ್ಯಕ್ಕೆ ನಿಮ್ಮ ಪಾಲಿನ ಪ್ರಾರ್ಥನೆ ಅವರು ಮಾಡಲಿ. ಮನೆಗೆ ಬಂದು 'ಎಲ್ಲಾ ದೇವರ ಚಿತ್ತ' ಎಂದು ಉಪದೇಶ ಮಾಡುವವರಿಗೆ ಬೈಬಲಿನಲ್ಲಿ ಕಷ್ಟಗಳ ಸರಮಾಲೆ ಅನುಭವಿಸಿದ ಯೋಬನ ಗೆಳೆಯರನ್ನು ನೆನಪಿಸಬಹುದು. ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದಷ್ಟು ಕಾಲ ಅವರು ಒಳ್ಳೆಯ ಗೆಳೆಯರೇ ಆಗಿದ್ದರು.

ಅತ್ತೆಗೆ 71, ಇನ್ಸುಲಿನ್ ನಡೆದಿದೆ. ಏಕಾದಶಿಗೆ ನೀರೂ ಮುಟ್ಟುವುದಿಲ್ಲ. ಹೋದ ಸಲ ತಲೆ ತಿರುಗಿ ಬಿದ್ದರು. ಹೇಳಿದರೆ 'ಜಗನ್ನಾಥದಾಸರ ಊರಲ್ಲಿದ್ದು ಏಕಾದಶಿ ಬಿಡಲೇ?' ಎನ್ನುತ್ತಾರೆ.
*ಸೊಸೆ, ಮಾನ್ವಿ*

ಬಿಡಿಸಬೇಡಿ, ಬದಲಿಸಿ. ಮುದುಕರಿಗೆ, ಮಕ್ಕಳಿಗೆ, ರೋಗಿಗಳಿಗೆ ಹಾಲು ಹಣ್ಣಿನ ವಿನಾಯಿತಿ ಸಂಪ್ರದಾಯದಲ್ಲೇ ಇದೆ. ಇದನ್ನು ನೀವು ಹೇಳಿದರೆ ಸೊಸೆಯ ಮಾತಾಗುತ್ತದೆ, ಮಠದ ಆಚಾರ್ಯರಿಂದ ಹೇಳಿಸಿ. ಉಪವಾಸದ ದಿನದ ಇನ್ಸುಲಿನ್ ಎಷ್ಟು ಎಂಬುದನ್ನು ಹಿಂದಿನ ವಾರವೇ ವೈದ್ಯರಲ್ಲಿ ಬರೆಸಿಕೊಳ್ಳಿ. ಊಟ ಬಿಟ್ಟು ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಕುಸಿದು ಬೀಳುವಂತಾಗುತ್ತದೆ, ಹೋದ ಸಲ ಆದದ್ದೂ ಅದೇ ಇರಬಹುದು. ಬೆವರು, ನಡುಕ, ತೊದಲು ಕಂಡರೆ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ತಿಥಿ ನೋಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ರಮಜಾನ್ ರೋಜಾ ಹಿಡಿಯುವ ಸಕ್ಕರೆ ಕಾಯಿಲೆಯವರಿಗೂ ಈ 70ರ ಗೆರೆಯೇ ಅನ್ವಯ. ಕಾಯಿಲೆಯವರು ಆ ರೋಜಾಗಳನ್ನು ಮುಂದಕ್ಕೆ ಹಾಕಲು, ಮುಂದೆಯೂ ಆಗದವರು ದಿನಕ್ಕೊಬ್ಬ ಬಡವನಿಗೆ ಉಣಿಸಲು ಅವರ ಧರ್ಮದಲ್ಲೂ ಅವಕಾಶವಿದೆ.

ದ್ವಾದಶಿಯ ಪಾರಣೆಯನ್ನು (ಉಪವಾಸ ಬಿಡುವ ಊಟ) ತಡಮಾಡಬೇಡಿ. ಹಿಂದಿನ ರಾತ್ರಿಯೇ ಅಡುಗೆಗೆ ಬೇಕಾದ್ದನ್ನೆಲ್ಲ ಹೊಂದಿಸಿಟ್ಟರೆ ಬೆಳಿಗ್ಗೆ ಪೂಜೆ ಮುಗಿಯುತ್ತಲೇ ಅವರಿಗೆ ಎಲೆ ಹಾಕಬಹುದು.