ಆಡಿಸುವುದಕ್ಕೂ ಫೀಸೇ?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮೂರೂವರೆ ವರ್ಷದ ಮಗನಿಗೆ ಮಾತು ಇನ್ನೂ ಸರಿಯಾಗಿ ಬಂದಿಲ್ಲ. ವಾರಕ್ಕೆರಡು ಸಲ ತುಮಕೂರಿಗೆ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತೇನೆ. ಅಲ್ಲಿನ ಮೇಡಂ ಮುಕ್ಕಾಲು ಗಂಟೆ ಸೋಪಿನ ಗುಳ್ಳೆ ಊದುತ್ತಾರೆ, ಕಾರು ಓಡಿಸುತ್ತಾರೆ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ. ಇಷ್ಟನ್ನು ಮನೆಯಲ್ಲಿ ನಾನೇ ಆಡಿಸುತ್ತಿರಲಿಲ್ಲವೇ ಎನ್ನುತ್ತಾರೆ ಅತ್ತೆ. ನನಗೂ ಅನುಮಾನ ಬಂದಿದೆ. ಆನ್‌ಲೈನ್‌ನಲ್ಲಿ ‘ಥೆರಪಿ ಆಟಿಕೆ’ ಎಂದು ದುಬಾರಿ ಪೆಟ್ಟಿಗೆಗಳು ಸಿಗುತ್ತವೆ. ತರಿಸಿಕೊಳ್ಳಲೇ?’

ಸಂಪಾದಕರ ಉತ್ತರ:

ಅಮ್ಮಾ, ಮೊದಲು ಒಂದು ಪ್ರಶ್ನೆ. ಮಗನ ಶ್ರವಣ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮಾತು ತಡವಾದ ಯಾವ ಮಗುವಿಗಾದರೂ ಕಿವಿಯ ಪರೀಕ್ಷೆ ಮೊದಲು, ಉಳಿದದ್ದೆಲ್ಲ ಆಮೇಲೆ. ‘ಕರೆದರೆ ತಿರುಗಿ ನೋಡುತ್ತಾನಲ್ಲ’ ಎಂದು ಬಿಟ್ಟುಬಿಡಬೇಡಿ. ಅಲ್ಪಸ್ವಲ್ಪ ಕೇಳುವ ಮಗುವೂ ತಿರುಗಿ ನೋಡುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಅದರಲ್ಲಿ ಹುರುಳಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮುಂದಿನ ಸಲ ಆ ಗುಳ್ಳೆಯ ಬಾಟಲಿಯನ್ನು ಬಿಟ್ಟು ಮೇಡಂ ಅವರ ಕೈಯನ್ನು ಗಮನಿಸಿ. ಎರಡು ಸಲ ಊದುತ್ತಾರೆ. ಮಗು ಕುಣಿಯುತ್ತದೆ. ಆಮೇಲೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಬಾಟಲಿಯನ್ನು ಮಗುವಿನ ಕೈಗೇ ಕೊಟ್ಟು ಸುಮ್ಮನೆ ಕೂರುತ್ತಾರೆ. ಮಗು ತಿರುವುತ್ತದೆ, ಕಚ್ಚುತ್ತದೆ, ಸಿಡಿಮಿಡಿಗೊಳ್ಳುತ್ತದೆ. ಕೊನೆಗೆ ತಲೆ ಎತ್ತಿ ಅವರ ಮುಖ ನೋಡಿ ಬಾಟಲಿಯನ್ನು ಅವರತ್ತ ನೂಕುತ್ತದೆ. ಅವರು ಕಾಯುತ್ತಿದ್ದದ್ದು ಅದಕ್ಕೇ. ನನಗೆ ಬೇಕಾದದ್ದು ಇನ್ನೊಬ್ಬರ ಮೂಲಕ ಸಿಗುತ್ತದೆ ಎಂದು ಮಗುವಿಗೆ ಹೊಳೆಯದೆ ಮಾತಿಗೆ ಕೆಲಸವೇ ಇಲ್ಲ. ಆಗ ಅವರು ‘ತೆಗೆ’ ಎಂದು ಒಂದೇ ಒಂದು ಪದ ಹೇಳಿ ಮುಚ್ಚಳ ತೆಗೆಯುತ್ತಾರೆ. ಕೆಲವು ವಾರಗಳಾದ ಮೇಲೆ ನೋಟವಷ್ಟೇ ಸಾಲದು, ‘ತೆ’ ಎಂಬ ದನಿಯಾದರೂ ಬರಲಿ ಎಂದು ಇನ್ನೊಂದಿಷ್ಟು ಹೊತ್ತು ಕಾಯುತ್ತಾರೆ. ಮನೆಯಲ್ಲಿ ಅಜ್ಜಿ ಏನು ಮಾಡುತ್ತಾರೆ? ಮೊಮ್ಮಗ ಬಾಟಲಿ ಮುಟ್ಟುವ ಮೊದಲೇ ಮುಚ್ಚಳ ತೆರೆದಿರುತ್ತಾರೆ. ಕೇಳುವ ಮುನ್ನವೇ ಕೊಡುವುದು ನಮ್ಮ ಮನೆಗಳ ಪ್ರೀತಿ. ಅದನ್ನು ತಪ್ಪೆನ್ನಲಾರೆ. ಆದರೆ ನೀವು ಫೀಸು ಕೊಡುತ್ತಿರುವುದು ಆ ಕಾಯುವಿಕೆಗೆ, ಎಷ್ಟು ಕಾಯಬೇಕು, ಮಗು ಅಳುವ ಮುನ್ನ ಎಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆಗೆ.

ಕಾರಿನ ಕಥೆಯೂ ಇದೇ. ‘ಒಂದು, ಎರಡು...’ ಎಂದು ಇಳಿಜಾರಿನ ತುದಿಯಲ್ಲಿ ಕಾರನ್ನು ತಡೆದು ಹಿಡಿದರೆ ‘ಮೂರು’ ಎನ್ನುವ ಸರದಿ ಮಗುವಿನದು. ಅಡುಗೆ ಆಟ ಇನ್ನೂ ಸೂಕ್ಷ್ಮವಾದದ್ದು. ಖಾಲಿ ಲೋಟ ಎತ್ತಿ ‘ಕಾಫಿ’ ಕುಡಿಯುವ ಮಗುವಿನ ಮನಸ್ಸಿನಲ್ಲಿ ಇಲ್ಲದ ವಸ್ತುವಿನ ಜಾಗದಲ್ಲಿ ಇನ್ನೊಂದು ನಿಂತಿರುತ್ತದೆ. ಪದವೂ ಹಾಗೆಯೇ ವಸ್ತುವಿನ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಮಗು ಸುಳ್ಳುಸುಳ್ಳೇ ಕಾಫಿ ಕುಡಿಯುತ್ತದೆಯೇ ಎಂಬುದನ್ನು ಚಿಕಿತ್ಸಕರು ಅಷ್ಟು ಗಮನವಿಟ್ಟು ನೋಡುತ್ತಾರೆ.

ಹೆಸರಿನ ಗೊಂದಲವೊಂದಿದೆ. ‘ಪ್ಲೇ ಥೆರಪಿ’ ಎನ್ನುವುದು ಬೇರೆಯೇ ಚಿಕಿತ್ಸೆ. ಭಯ, ದುಃಖ, ಮನೆಯ ಜಗಳಗಳಿಂದ ನಲುಗಿದ ಮಕ್ಕಳಿಗಾಗಿ ಬೆಳೆದು ಬಂದದ್ದು. 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದ ಮಾರ್ಗರೆಟ್ ಲೋವೆನ್‌ಫೆಲ್ಡ್ ಪುಟ್ಟ ಆಟಿಕೆಗಳನ್ನೂ ಮರಳಿನ ತಟ್ಟೆಯನ್ನೂ ಮಕ್ಕಳ ಮುಂದಿಟ್ಟು, ಅವರು ಕಟ್ಟುವ ಲೋಕವನ್ನು ನೋಡುತ್ತಿದ್ದರು. ಅಲ್ಲಿ ಏನನ್ನೂ ಕಲಿಸುವ ಆತುರವಿಲ್ಲ, ಆಟದ ಯಜಮಾನಿಕೆ ಮಗುವಿನದು. ನಿಮ್ಮ ಮಗನಿಗೆ ನಡೆಯುತ್ತಿರುವುದು ಅದಲ್ಲ.

ಪೆಟ್ಟಿಗೆ ತರಿಸಬೇಡಿ. ಆಟಿಕೆಯ ಮೇಲೆ ‘ಥೆರಪಿ’ ಎಂದು ಬರೆದರೆ ಬೆಲೆ ಏರುತ್ತದೆ, ಗುಣ ಏರುವುದಿಲ್ಲ. ಗುಂಡಿ ಒತ್ತಿದರೆ ತಾನೇ ಹಾಡಿ, ತಾನೇ ಕುಣಿದು, ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಹೇಳುವ ಆಟಿಕೆಯಂತೂ ಬೇಡವೇ ಬೇಡ. ಅಮೆರಿಕದಲ್ಲಿ 26 ಎಳೆಯ ಮಕ್ಕಳು ಮತ್ತು ಅವರ ಹೆತ್ತವರ ಆಟವನ್ನು ಮನೆಯಲ್ಲೇ ಧ್ವನಿಮುದ್ರಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಮಾತಾಡುವ ಎಲೆಕ್ಟ್ರಾನಿಕ್ ಆಟಿಕೆ ಮುಂದಿದ್ದಾಗ, ಪುಸ್ತಕ ಅಥವಾ ಸಾದಾ ಆಟಿಕೆ ಇದ್ದಾಗಿನದಕ್ಕಿಂತ ದೊಡ್ಡವರು ಕಡಿಮೆ ಮಾತಾಡಿದ್ದರು. ಸಣ್ಣ ಅಧ್ಯಯನ ನಿಜ. ಆದರೂ ನಮ್ಮ ಮನೆಗಳಲ್ಲಿ ಕಣ್ಣಾರೆ ಕಾಣುವುದಕ್ಕೆ ಅದು ಹೊಂದುತ್ತದೆ.

ನಿಮ್ಮ ಊರಿನಲ್ಲೇ ಸಿಗುವ ಚೆಂಡು, ಸ್ಟೀಲ್ ಡಬ್ಬಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಚಪಾತಿ ಹಿಟ್ಟಿನ ಉಂಡೆ ಸಾಕು. ಕ್ಲಿಪ್ಪು ಒತ್ತುವ, ಹಿಟ್ಟು ನಾದುವ ಬೆರಳುಗಳಿಗೆ ಮುಂದೆ ಅಂಗಿಯ ಗುಂಡಿ, ಪೆನ್ಸಿಲ್ ಸುಲಭವಾಗುತ್ತವೆ. ಕೊಳ್ಳಲೇಬೇಕೆಂದರೆ ಚನ್ನಪಟ್ಟಣದ ಬುಗುರಿಯೋ ಎಳೆಯುವ ಗಾಡಿಯೋ ಇರಲಿ. ಹಾಲೆ ಮರದ್ದು, ಅರಗಿನ ಬಣ್ಣದ್ದು. ಅಟ್ಟದ ಮೇಲೆ ಅಳಗುಳಿಮಣೆ ಇದ್ದರೆ ಇಳಿಸಿ: ಒಂದೊಂದೇ ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಗುಳಿಗೆ ಹಾಕುವುದು, ‘ಈಗ ನೀನು, ಈಗ ನಾನು’ ಎಂದು ಸರದಿ ಕಾಯುವುದು, ಎರಡೂ ಅದರಲ್ಲಿವೆ. ಇದಕ್ಕೆ ಅತ್ತೆಯವರನ್ನೇ ಕೂರಿಸಿ, ಆದರೆ ಮುಚ್ಚಳದ ಸಂಗತಿಯನ್ನು ಮೊದಲೇ ತಿಳಿಸಿ. ಮಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಅಭ್ಯಾಸದಲ್ಲಿದ್ದರೆ ಬೀಜ, ಮಣಿ ಸದ್ಯಕ್ಕೆ ಬೇಡ. ಮನೆಯಲ್ಲಿರುವ ಹಳೆಯ ಬ್ಯಾಟರಿ ಆಟಿಕೆಗಳ ಹಿಂಬದಿಯ ಸ್ಕ್ರೂ ಸಡಿಲವಾಗಿದೆಯೇ ಎಂದು ಇವತ್ತೇ ನೋಡಿ. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಹಾಗೆಂದು ಎಲ್ಲ ಕೇಂದ್ರಗಳನ್ನೂ ಕಣ್ಣುಮುಚ್ಚಿ ನಂಬಿ ಎನ್ನುತ್ತಿಲ್ಲ. ಬರೀ ಆಡಿಸಿ ಕಳಿಸುವವರೂ ಇದ್ದಾರೆ. ‘ಈ ತಿಂಗಳ ಗುರಿ ಏನು? ಇವತ್ತಿನ ಆಟದಲ್ಲಿ ನೀವು ನೋಡಿದ್ದೇನು? ಮನೆಯಲ್ಲಿ ನಾನೇನು ಮಾಡಬೇಕು?’ ಎಂದು ಸಂಕೋಚವಿಲ್ಲದೆ ಕೇಳಿ. ಬಾಗಿಲ ಹೊರಗೆ ಕೂರಿಸುತ್ತಿದ್ದರೆ ಒಳಗೆ ಕೂರುವುದಾಗಿ ಹೇಳಿ. ವಾರದಲ್ಲಿ ಒಂದೂವರೆ ಗಂಟೆ ಅವರ ಬಳಿ, ಉಳಿದ ಹೊತ್ತೆಲ್ಲ ನಿಮ್ಮ ಬಳಿ ಇರುವ ಮಗು ಅದು. ನಿಮಗೆ ಹೇಳಿಕೊಡದ ಥೆರಪಿ ಅರ್ಧ ಕೆಲಸ. ಉತ್ತರ ಕೊಡಲು ತಡವರಿಸುವವರನ್ನು, ಕೇಳಿದ್ದಕ್ಕೆ ಸಿಡುಕುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಶ್ರವಣ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಬೇಕಾದರೆ ಮತ್ತೆ ಬರೆಯಿರಿ.